ಪರದೇಶದ ಸೇವೆಗೆ ಸಿದ್ಧತೆ

ಪ್ರಯಾಣಕ್ಕೆ ಮುಂಚೆ ಪಂಚಾಂಗವನ್ನು ತೆಗೆದು ವಾರ, ತಿಥಿ, ನಕ್ಷತ್ರಗಳನ್ನು ನೋಡುವುದು ನಮ್ಮ ಹಿರಿಯರ ವಾಡಿಕೆಯಾಗಿದ್ದಿತು. ಈಗ ವಿಮಾನದ ಚೀಟಿಯೇ ಮುಹೂರ್ತವನ್ನು ನಿಶ್ಚಯಿಸುತ್ತದೆ. ಆದರೂ ಹೊರಡುವವರ ಮನೆಯಲ್ಲಿ ಹುಟ್ಟುವ ಕಳವಳವೆಂಬುದು ಅಂದಿಗೂ ಇಂದಿಗೂ ಒಂದೇ ಬಗೆಯಾಗಿದೆ. ಈ ತಿಂಗಳು ನಾನು ವಾಚಕರ ಮುಂದಿಡಬೇಕೆಂದಿರುವ ವಿಷಯವು ಅಂತಹ ಒಂದು ಕಳವಳದಿಂದಲೇ ಹುಟ್ಟಿದುದು.

ನನ್ನ ತಂಗಿಯ ಮಗಳು ಬೆಂಗಳೂರಿನ ದೊಡ್ಡ ಕಂಪನಿಯೊಂದರಲ್ಲಿ ಗಣಕಯಂತ್ರದ ಕೆಲಸದಲ್ಲಿರುವಳು. ಆ ಕಂಪನಿಯವರು ತಮ್ಮ ನೌಕರರಲ್ಲಿ ಕೆಲವರನ್ನು ಆರಿಸಿ, ಸಂಬಳವನ್ನೂ ಪ್ರಯಾಣದ ವೆಚ್ಚವನ್ನೂ ತಾವೇ ಕೊಟ್ಟು, ಪರದೇಶದ ಸಣ್ಣ ಸಂಘಸಂಸ್ಥೆಗಳಿಗೆ ನಾಲ್ಕು ವಾರಗಳ ಕಾಲ ಸೇವೆಗೆಂದು ಕಳುಹಿಸುವ ಪದ್ಧತಿಯನ್ನು ಇಟ್ಟುಕೊಂಡಿರುವರು. ಈ ಸಲ ಅವಳ ಸರದಿ ಬಂದಿತು. ಹೋಗಬೇಕಾದುದು ಪಶ್ಚಿಮ ಆಫ್ರಿಕದ ಘಾನ ದೇಶದ ಕುಮಾಸಿ ಪಟ್ಟಣಕ್ಕೆ. ಅಲ್ಲಿ ಸಣ್ಣ ವ್ಯಾಪಾರ ಮಾಡುವ ಹೆಂಗಸರ ಸಂಘವೊಂದಕ್ಕೆ ಲೆಕ್ಕಪತ್ರದ ವ್ಯವಸ್ಥೆ ಮಾಡಿಕೊಡುವುದು ಅವಳ ಪಾಲಿನ ಕೆಲಸ. ಸುದ್ದಿ ತಿಳಿದ ಮರುದಿನವೇ ನನ್ನ ತಂಗಿ ಬಂದು, "ಅಣ್ಣಾ, ನೀನಾದರೂ ಅವಳಿಗೆ ಬುದ್ಧಿ ಹೇಳು. ನಮ್ಮ ದೇಶದಲ್ಲಿ ಮಾಡುವುದಕ್ಕೆ ಸೇವೆಯೇ ಇಲ್ಲವೇ?" ಎಂದಳು.

ಪ್ರಶ್ನೆಯೇನೋ ನ್ಯಾಯವಾದುದೇ. ಇಂತಹ ಪ್ರಶ್ನೆ ಇನ್ನು ಹಲವು ಮನೆಗಳಲ್ಲಿ ಏಳುತ್ತಿರಬಹುದು. ಏಕೆಂದರೆ ನಮ್ಮ ಊರೂರಿನ ಮಕ್ಕಳು ಇಂದು ಇಂತಹ ಕಂಪನಿಗಳಲ್ಲಿದ್ದಾರೆ. ಆದುದರಿಂದ ಈ ಪದ್ಧತಿಯ ಹುಟ್ಟನ್ನು ಮೊದಲು ಸ್ವಲ್ಪ ತಿಳಿಯೋಣ.

ತರುಣರನ್ನು ಸ್ವಯಂಸೇವಕರನ್ನಾಗಿ ಪರದೇಶಗಳಿಗೆ ಕಳುಹಿಸುವ ಕೆಲಸವನ್ನು ಅಮೆರಿಕದ ಸರಕಾರವು 1961ರಲ್ಲಿ ಅಧ್ಯಕ್ಷ ಕೆನಡಿಯವರ ಆಜ್ಞೆಯಿಂದ ಆರಂಭಿಸಿತು. ಅದಕ್ಕೆ ಪೀಸ್ ಕೋರ್ ಎಂದು ಹೆಸರು. ಅದರ ಮೊದಲನೆಯ ತಂಡವು ಆ ವರ್ಷದ ಆಗಸ್ಟ್ ಕೊನೆಯಲ್ಲಿ ಬಂದಿಳಿದುದು ಈ ಘಾನ ದೇಶಕ್ಕೇ. ಬಂದವರು ಉಪಾಧ್ಯಾಯರು. ಅವರು ವಿಮಾನದಿಂದಿಳಿದೊಡನೆ ಅಲ್ಲಿಯ ಜನರ ಟ್ವಿ ಭಾಷೆಯಲ್ಲಿಯೇ ಒಂದು ಹಾಡನ್ನು ಹಾಡಿದರು. ಅದೇ ವ್ಯವಸ್ಥೆಯವರು 1961ರಿಂದ 1976ರ ವರೆಗೆ ನಮ್ಮ ದೇಶಕ್ಕೂ ಬಂದು ಕೆಲಸ ಮಾಡಿದರು. ಅನಂತರ ಈ ಕಲ್ಪನೆಯನ್ನು ಕಂಪನಿಗಳೂ ತೆಗೆದುಕೊಂಡವು. ಔಷಧಗಳನ್ನು ತಯಾರಿಸುವ ಫೈಜರ್ ಕಂಪನಿಯು 2003ರಲ್ಲಿಯೂ, ಗಣಕಯಂತ್ರದ ಐಬಿಎಂ ಕಂಪನಿಯು 2008ರಲ್ಲಿಯೂ ತಮ್ಮ ನೌಕರರನ್ನು ಹೀಗೆ ಕಳುಹಿಸಲಾರಂಭಿಸಿದವು. ಐಬಿಎಂನ ಮೊದಲ ವರ್ಷದ ತಂಡಗಳು ಹೋದ ದೇಶಗಳಲ್ಲಿ ರುಮೇನಿಯ, ತುರ್ಕಿ, ವಿಯೆಟ್ನಾಂ, ಫಿಲಿಪ್ಪೀನ್ಸ್, ಟಾಂಜಾನಿಯಗಳ ಜತೆಗೆ ಘಾನವೂ ಸೇರಿದ್ದಿತು. ಅವರ ಕ್ರಮದಲ್ಲಿ ಊರಿನಲ್ಲಿ ನಿಂತು ಮಾಡುವ ಕೆಲಸ ಒಂದು ತಿಂಗಳಿನದು. ಅದಕ್ಕೆ ಮುಂಚೆ ಮನೆಯಲ್ಲಿದ್ದುಕೊಂಡೇ ಮಾಡುವ ಸಿದ್ಧತೆ ಸುಮಾರು ಮೂರು ತಿಂಗಳಿನದು. ಸಿದ್ಧತೆಯು ಕೆಲಸದ ಮೂರರಷ್ಟಿದ್ದಿತೆಂಬುದನ್ನು ವಾಚಕರು ಗಮನಿಸಬೇಕು.

ಇದು ಶುದ್ಧ ದಾನವೆಂದು ನಾನು ಹೇಳಲಾರೆ. ಕಳುಹಿಸುವ ಕಂಪನಿಗೂ ಇದರಿಂದ ಪ್ರಯೋಜನವುಂಟು. ನೌಕರರು ಹೊಸ ದೇಶಗಳನ್ನೂ ಹೊಸ ಪೇಟೆಗಳನ್ನೂ ಅರಿಯುವರು. ಹೊಣೆ ಹೊರುವುದನ್ನು ಕಲಿಯುವರು. ಕಂಪನಿಯ ಹೆಸರು ಹಬ್ಬುವುದು. ಹೋಗುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ತಾವು ಏನನ್ನೋ ಕೊಡುವುದಕ್ಕಾಗಿಯೇ ಹೋಗುತ್ತಿರುವೆವೆಂಬ ಅಹಂಕಾರಕ್ಕೆ ಎಡೆಯಿರುವುದಿಲ್ಲ. ಪಡೆಯುವುದಕ್ಕೂ ಹೋಗುತ್ತಿರುವರು.

ಇನ್ನು ನನ್ನ ತಂಗಿಯ ಭಯಗಳು. ಅವು ಮೂರು.

ಮೊದಲನೆಯದು ರೋಗದ ಭಯ. ಇದು ಸಕಾರಣವಾದುದು, ಆದರೆ ಉಪಾಯವುಳ್ಳುದು. ಘಾನ ದೇಶವನ್ನು ಹೋಗಬೇಕಾದರೆ ಹಳದಿ ಜ್ವರದ ಲಸಿಕೆಯನ್ನು ಹಾಕಿಸಿಕೊಂಡ ಪ್ರಮಾಣಪತ್ರವು ಕೈಯಲ್ಲಿರಲೇಬೇಕು. ಹಾಗೆಯೇ ಅಲ್ಲಿಂದ ಹಿಂದಿರುಗುವವರನ್ನು ನಮ್ಮ ಸರಕಾರವೂ ಆ ಪತ್ರವನ್ನು ಕೇಳುತ್ತದೆ. ಅದಿಲ್ಲದೆ ಬಂದವರನ್ನು ಆರು ದಿನಗಳ ವರೆಗೆ ಪ್ರತ್ಯೇಕವಾಗಿ ಇರಿಸಿಕೊಳ್ಳುವ ಅಧಿಕಾರ ಅವರಿಗುಂಟು. ಈ ಜ್ವರವು ನಮ್ಮ ದೇಶದಲ್ಲಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ. ಆದಕಾರಣವೇ ಈ ಕಟ್ಟುನಿಟ್ಟು. ಲಸಿಕೆಯನ್ನು ಸರಕಾರವು ಒಪ್ಪಿರುವ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಪ್ರಮಾಣಪತ್ರವು ಊರ್ಜಿತವಾಗುವುದು ಹಾಕಿಸಿಕೊಂಡ ಹತ್ತು ದಿನಗಳ ಮೇಲೆ. ಆದುದರಿಂದ ಹೊರಡುವ ಹಿಂದಿನ ವಾರ ಓಡಾಡಿ ಫಲವಿಲ್ಲ. 2016ರಿಂದ ಈಚೆಗೆ ಒಮ್ಮೆ ಹಾಕಿಸಿಕೊಂಡರೆ ಆ ಪತ್ರವು ಜೀವಮಾನಕ್ಕೆಲ್ಲ ಸಾಕು. ಗರ್ಭಿಣಿಯರೂ, ಮೊಟ್ಟೆ ಒಗ್ಗದವರೂ, ಅರುವತ್ತು ದಾಟಿದವರೂ ಮೊದಲು ವೈದ್ಯರ ಸಲಹೆಯನ್ನು ಕೇಳತಕ್ಕದ್ದು.

ಮಲೇರಿಯಕ್ಕೆ ಅಲ್ಲಿ ಇದಕ್ಕಿಂತಲೂ ಹೆಚ್ಚಿನ ಎಚ್ಚರ ಬೇಕು. "ನಮಗೇನು ಚಳಿಜ್ವರ ಹೊಸದೇ?" ಎನ್ನುವವರುಂಟು. ಹಾಗೆನ್ನಕೂಡದು. ಅಲ್ಲಿಯದು ಬಹುಮಟ್ಟಿಗೆ ಪ್ರಾಣಾಪಾಯವನ್ನು ತರಬಲ್ಲ ಜಾತಿಯದು; ಹಿಂದಿನ ಕಾಲದ ಕ್ಲೋರೋಕ್ವಿನ್ ಮಾತ್ರೆಗೆ ಅದು ಬಗ್ಗುವುದಿಲ್ಲ. ತಡೆಯುವ ಮಾತ್ರೆಗಳು ಬೇರೆ ಇವೆ. ಒಂದು ಬಗೆಯನ್ನು ಹೊರಡುವ ಒಂದೆರಡು ದಿನ ಮುಂಚೆ ಆರಂಭಿಸಿ ಹಿಂದಿರುಗಿದ ಮೇಲೆ ಏಳು ದಿನ ನುಂಗಬೇಕು. ಇನ್ನೊಂದನ್ನು ಹಿಂದಿರುಗಿದ ಮೇಲೆ ನಾಲ್ಕು ವಾರ ಮುಂದುವರಿಸಬೇಕು. ಯಾರಿಗೆ ಯಾವುದೆಂಬುದನ್ನು ವೈದ್ಯರು ಹೇಳಬೇಕು. ಮನೆಯವರು ನೆನಪಿಡಬೇಕಾದ ಮುಖ್ಯ ಮಾತೊಂದಿದೆ. ಹೋಗಿ ಬಂದವರಿಗೆ ತಿಂಗಳುಗಳ ಮೇಲೆ ಜ್ವರ ಬಂದರೂ, "ಇವಳು ಆಫ್ರಿಕಕ್ಕೆ ಹೋಗಿ ಬಂದಿದ್ದಳು" ಎಂಬ ಮಾತನ್ನು ವೈದ್ಯರಿಗೆ ಅಂದೇ, ಮೊದಲೇ ಹೇಳತಕ್ಕದ್ದು.

ಎರಡನೆಯದು ಊಟದ ಭಯ. ನಮ್ಮ ಮನೆಯವರು ಶಾಕಾಹಾರಿಗಳು. ಅಲ್ಲಿ ಅಕ್ಕಿ, ಜೋಳ, ಅಲಸಂದೆ, ನೆಲಗಡಲೆ, ಮರಗೆಣಸು, ಬಾಳೆಯ ಜಾತಿಯ ಕಾಯಿ ಇವೆಲ್ಲ ಯಥೇಷ್ಟವಾಗಿವೆ. ಆದರೆ ಸಾರಿಗೆ ಒಣಮೀನನ್ನು ಹಾಕುವ ರೂಢಿಯುಂಟಾದ್ದರಿಂದ ಕೇಳಿಯೇ ಉಣ್ಣಬೇಕು. ವಾಚಕರಿಗೆ ಸಂತೋಷವಾಗಬಹುದಾದ ಸಂಗತಿಯೊಂದಿದೆ. ಅಲ್ಲಿ ಮರಗೆಣಸನ್ನೂ ಬಾಳೆಕಾಯನ್ನೂ ಬೇಯಿಸಿ, ಒರಳಿನಲ್ಲಿ ಕುಟ್ಟಿ ಮಾಡುವ ಫುಫು ಎಂಬ ಉಂಡೆಯನ್ನು ಬಲಗೈಯಿಂದ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುತ್ತಾರೆ. ರಾಗಿಯ ಮುದ್ದೆಯನ್ನು ಉಂಡವರಿಗೆ ಇದನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಎಡಗೈಯಿಂದ ಕೊಡುವುದೂ ತೆಗೆದುಕೊಳ್ಳುವುದೂ ಅವರಲ್ಲಿಯೂ ನಮ್ಮಲ್ಲಿಯಂತೆಯೇ ಅಮರ್ಯಾದೆ. ಹುಟ್ಟಿದ ವಾರದಿಂದ ಮಗುವಿಗೆ ಹೆಸರು ಬರುತ್ತದೆ. ಶುಕ್ರವಾರ ಹುಟ್ಟಿದ ಗಂಡುಮಗು ಕೋಫಿ, ಶನಿವಾರದವನು ಕ್ವಾಮೆ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನರ ಹೆಸರೂ, ಆ ದೇಶವನ್ನು 1957ರಲ್ಲಿ ಸ್ವಾತಂತ್ರ್ಯಕ್ಕೆ ನಡೆಸಿದ ಕ್ವಾಮೆ ಎನ್‌ಕ್ರುಮಾರ ಹೆಸರೂ ಹೀಗೆ ಬಂದವು. ನಕ್ಷತ್ರವನ್ನು ನೋಡಿ ಹೆಸರಿಡುವ ನಮಗೆ ಇದು ಪರಕೀಯವೆಂದು ತೋರುವುದೇ?

ಮೂರನೆಯ ಭಯವನ್ನು ನನ್ನ ತಂಗಿ ಬಾಯಿ ಬಿಟ್ಟು ಹೇಳಲಿಲ್ಲ. "ಆ ಜನರ ನಡುವೆ ಒಬ್ಬಳೇ ಹೆಣ್ಣುಮಗಳು" ಎಂದಷ್ಟೇ ಅಂದಳು. ಆ ಮಾತಿನಲ್ಲಿ ತಾಯಿಯ ಅಕ್ಕರೆ ಎಷ್ಟಿದ್ದಿತೋ ನಮ್ಮೆಲ್ಲರ ಒಂದು ಹಳೆಯ ದೋಷವೂ ಅಷ್ಟೇ ಇದ್ದಿತು. ನಾನು ಅವಳಿಗೆ ಎರಡು ಸಂಗತಿಗಳನ್ನು ನೆನಪು ಮಾಡಿಕೊಟ್ಟೆನು. 2016ರ ಜನವರಿಯ ಕೊನೆಯಲ್ಲಿ ನಮ್ಮ ಬೆಂಗಳೂರಿನ ಹೊರವಲಯದಲ್ಲಿ, ಬೇರೆ ಯಾರೋ ಮಾಡಿದ ಅಪಘಾತದ ಕೋಪಕ್ಕೆ, ಟಾಂಜಾನಿಯ ದೇಶದ ವಿದ್ಯಾರ್ಥಿನಿಯೊಬ್ಬಳನ್ನು ಜನರ ಗುಂಪೊಂದು ಹೊಡೆದು ಅವಮಾನಪಡಿಸಿತು. ಅವಳ ತಪ್ಪು ಅವಳ ಮೈಬಣ್ಣವೊಂದೇ. ಅವಳಿಗೂ ದೂರದಲ್ಲಿ ಒಬ್ಬ ತಾಯಿ ಇದ್ದಿರಬೇಕಲ್ಲವೇ? ಅದೇ ವರ್ಷ ಘಾನದ ವಿಶ್ವವಿದ್ಯಾನಿಲಯದಲ್ಲಿ ನಮ್ಮ ರಾಷ್ಟ್ರಪತಿಗಳು ಗಾಂಧೀಜಿಯವರ ಪ್ರತಿಮೆಯನ್ನು ಅನಾವರಣ ಮಾಡಿದರು. ಗಾಂಧೀಜಿ ತರುಣರಾಗಿದ್ದಾಗ ದಕ್ಷಿಣ ಆಫ್ರಿಕದಲ್ಲಿ ಅಲ್ಲಿಯ ಜನರನ್ನು ಕುರಿತು ಬರೆದಿದ್ದ ಕೀಳು ಮಾತುಗಳನ್ನು ಎತ್ತಿ ತೋರಿಸಿ, ಅಲ್ಲಿಯ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಅದನ್ನು ವಿರೋಧಿಸಿದರು. 2018ರ ಡಿಸೆಂಬರಿನಲ್ಲಿ ಪ್ರತಿಮೆಯನ್ನು ತೆಗೆದರು. ಗಾಂಧೀಜಿ ಆಮೇಲೆ ಬಹುದೂರ ನಡೆದು ಬೇರೆಯವರಾದರೆಂಬುದು ನಿಜ. ಆದರೂ ಅಲ್ಲಿಗೆ ಹೋಗುವ ಭಾರತೀಯನು ಈ ಸಂಗತಿಯನ್ನು ತಿಳಿಯದೆ ಹೋಗಕೂಡದು. ಪೆಟ್ಟಿಗೆ ಕಟ್ಟುವುದಕ್ಕಿಂತ ಮುಂಚೆ ಮನೆಮಂದಿಯೆಲ್ಲರೂ ಮಾಡಬೇಕಾದ ಸಿದ್ಧತೆಯಿದು: ಕಪ್ಪು, ಬಿಳುಪು ಎಂದು ನಾವು ಅಡಿಗೆಮನೆಯಲ್ಲಿ ಆಡುವ ಮಾತುಗಳನ್ನು ಒಮ್ಮೆ ಕಿವಿಗೊಟ್ಟು ಕೇಳಿಕೊಳ್ಳುವುದು. ನನ್ನ ತಂಗಿ ಬಹಳ ಹೊತ್ತು ಸುಮ್ಮನಿದ್ದು, "ನಿಜ, ಅಣ್ಣ" ಎಂದಳು.

ಆ ಭಾನುವಾರ ಹುಡುಗಿ ತಾನೇ ಬಂದಳು. ಅವಳ ಕೈಯಲ್ಲಿ ಇಪ್ಪತ್ತು ಪುಟಗಳ ಒಂದು ಕಟ್ಟು. "ಮಾವ, ನೋಡಿ. ಅಲ್ಲಿ ಅವರಿಗೆ ಏನೇನು ಹೇಳಿಕೊಡಬೇಕೋ ಎಲ್ಲವನ್ನೂ ಬರೆದಿದ್ದೇನೆ" ಎಂದಳು. ಬಹು ಅಂದವಾದ ಬರಹ. ಬಣ್ಣದ ಚಿತ್ರಗಳು, ಬಾಣದ ಗುರುತುಗಳು, ಮೊದಲ ವಾರ, ಎರಡನೆಯ ವಾರ ಎಂಬ ವಿಭಾಗಗಳು. ಎಲ್ಲವನ್ನೂ ಓದಿ, "ಮಗೂ, ಇದರಲ್ಲಿ ಅವರು ಕೇಳಿದುದು ಯಾವುದು?" ಎಂದೆನು. ಅವಳಿಂದ ಉತ್ತರ ಬರಲಿಲ್ಲ. ಆಗ ಅವಳಿಗೆ, ಇದುವರೆಗೆ ಯಾರಿಗೂ ಹೇಳದಿದ್ದ ನನ್ನ ಒಂದು ಕಥೆಯನ್ನು ಹೇಳಿದೆನು.

ಹದಿನೈದು ವರ್ಷಗಳ ಹಿಂದಿನ ಮಾತು. ನಾನು ಆಗ ಒಂದು ಹೋಬಳಿಯ ಪ್ರೌಢಶಾಲೆಯಲ್ಲಿ ಸಂಸ್ಕೃತ ಪಂಡಿತನಾಗಿದ್ದು, ಮುಖ್ಯೋಪಾಧ್ಯಾಯರಿಲ್ಲದ ಕಾರಣ ಆ ಅಧಿಕಾರವನ್ನೂ ನೋಡಿಕೊಳ್ಳುತ್ತಿದ್ದೆನು. ನಮ್ಮ ಶಾಲೆಯ ಜಗಲಿಯ ಉದ್ದಗೋಡೆಯ ಮೇಲೆ ಹಿಂದಿದ್ದ ಚಿತ್ರಕಲೆಯ ಉಪಾಧ್ಯಾಯರೊಬ್ಬರು ಮಕ್ಕಳನ್ನು ಕಟ್ಟಿಕೊಂಡು ಮೂರು ವರ್ಷ ಶ್ರಮಪಟ್ಟು ನಾಡಿನ ಭೂಪಟವನ್ನು ಬರೆಸಿದ್ದರು. ಕೃಷ್ಣೆ, ತುಂಗಭದ್ರೆ, ಕಾವೇರಿಗಳು ನೀಲಿಯಲ್ಲಿ. ನಮ್ಮ ಹೋಬಳಿಯ ಹಳ್ಳಿಗಳು ಕೆಂಪು ಚುಕ್ಕೆಗಳಲ್ಲಿ. ಮಳೆಯ ತೇವಕ್ಕೆ ಅಲ್ಲಲ್ಲಿ ಬಣ್ಣ ಕಿತ್ತುಹೋಗಿದ್ದಿತು. ಒಂದು ದಿನ ಪಟ್ಟಣದ ಕಂಪನಿಯೊಂದರಿಂದ ಮೂವತ್ತು ಮಂದಿ ತರುಣ ತರುಣಿಯರು ಸೇವೆಗೆಂದು ಬಂದರು. ಬೆಂಚುಗಳನ್ನು ತಂದಿದ್ದರು, ಮಕ್ಕಳಿಗೆ ಸಿಹಿ ಹಂಚಿದರು. ಅವರ ಮುಖಂಡನು ವಿನಯದಿಂದಲೇ, "ಸಾರ್, ಈ ಗೋಡೆ ಹಳೆಯದಾಗಿದೆ. ಬಣ್ಣ ಹಾಕಬಹುದೇ?" ಎಂದು ಕೇಳಿದನು. ನಾನು, "ಆಗಲಿ" ಎಂದೆನು.

ಏಕೆ ಹಾಗೆಂದೆನು? ದೂರದಿಂದ ಬಂದವರು, ಅತಿಥಿಗಳು, ಬೆಂಚು ತಂದವರು. ಬೇಡವೆನ್ನಲು ನಾಲಗೆ ಏಳಲಿಲ್ಲ. ಸಂಜೆಯೊಳಗೆ ಗೋಡೆಯ ತುಂಬ ಚಿಟ್ಟೆಗಳೂ ಇಂಗ್ಲಿಷ್ ಅಕ್ಷರಗಳೂ ಮೂಡಿದ್ದವು. ಚಿತ್ರ ತೆಗೆಸಿಕೊಂಡು, ಎಲ್ಲರಿಗೂ ಕೈಮುಗಿದು, ಅವರು ಹೊರಟುಹೋದರು. ಮರುದಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಒಂದು ಚಿಟ್ಟೆಯ ರೆಕ್ಕೆಯ ಮೇಲೆ ಬೆರಳಿಟ್ಟು, ಪಕ್ಕದವಳಿಗೆ, "ನಮ್ಮೂರು ಇಲ್ಲಿತ್ತು" ಎಂದು ತೋರಿಸುತ್ತಿದ್ದಳು. ಬಂದವರ ತಪ್ಪು ಎಷ್ಟೋ ನನ್ನ ತಪ್ಪೂ ಅಷ್ಟೇ. ಅವರು ಕೇಳಲಿಲ್ಲವೆಂದು ದೂರುವಂತಿಲ್ಲ, ಕೇಳಿದರು. ಆದರೆ 'ಆಗಲಿ' ಎಂಬ ಉತ್ತರ ಬಿಟ್ಟು ಬೇರೊಂದನ್ನು ಹೇಳಲಾಗದಂತೆ ಕೇಳಿದರು.

ಸಂಸ್ಕೃತವನ್ನು ಓದಿದವನಿಗೆ ಶಬ್ದಗಳ ಬೇರನ್ನು ಕೆದಕುವ ಚಪಲವಿರುತ್ತದೆ, ವಾಚಕರು ಕ್ಷಮಿಸಬೇಕು. ರೋಗಿಯ ಬಳಿಯಿದ್ದು ಉಪಚರಿಸುವುದನ್ನು ನಾವು ಶುಶ್ರೂಷೆ ಎನ್ನುತ್ತೇವೆ. ಆ ಶಬ್ದವು ಹುಟ್ಟಿದುದು 'ಶ್ರು' ಎಂಬ ಧಾತುವಿನಿಂದ. ಅದಕ್ಕೆ ಕೇಳುವುದೆಂದು ಅರ್ಥ. ಶುಶ್ರೂಷೆಯೆಂದರೆ ಮೂಲದಲ್ಲಿ ಕೇಳಬೇಕೆಂಬ ಇಚ್ಛೆ. ಗುರುವಿನ ಮಾತನ್ನು ಕೇಳಲು ಬಯಸಿ ಅವನ ಬಳಿ ನಿಂತವನೇ ಅವನ ಸೇವಕನಾದನು; ಕೇಳುವ ಇಚ್ಛೆಯೇ ಸೇವೆಯೆಂಬ ಅರ್ಥವನ್ನು ಪಡೆಯಿತು. ಮೂವತ್ತು ವರ್ಷ ಈ ವ್ಯುತ್ಪತ್ತಿಯನ್ನು ಮಕ್ಕಳಿಗೆ ಹೇಳಿಕೊಟ್ಟ ನನಗೆ ಅದರ ಅರ್ಥವಾದುದು ಆ ಗೋಡೆಯ ಮುಂದೆ.

ಹೊರಡುವವರು ಏನನ್ನು ಹೇಗೆ ಕೇಳಬೇಕು? ನನಗೆ ತೋರಿದ ಮೂರು ಪ್ರಶ್ನೆಗಳನ್ನು ಹುಡುಗಿಗೆ ಬರೆದುಕೊಟ್ಟೆನು. ನಿಮ್ಮಲ್ಲಿ ಈಗ ಚೆನ್ನಾಗಿ ನಡೆಯುತ್ತಿರುವುದು ಯಾವುದು, ನಾನು ಮುಟ್ಟಬಾರದುದು ಯಾವುದು? ನನಗಿಂತ ಮುಂಚೆ ಬಂದವರು ಏನನ್ನು ಬಿಟ್ಟುಹೋದರು, ಅದರಲ್ಲಿ ಇಂದು ಬಳಕೆಯಲ್ಲಿರುವುದು ಯಾವುದು? ನಾನು ಹೊರಟ ಮರುದಿನ ಈ ಕೆಲಸವನ್ನು ಮಾಡುವವರು ಯಾರು?

ಹುಡುಗಿ ಆ ಸಂಘದ ಕಾರ್ಯದರ್ಶಿನಿಯೊಡನೆ ದೂರವಾಣಿಯಲ್ಲಿ ಮಾತನಾಡಿದಳು. ಮೊದಲನೆಯ ಸಲ ತನ್ನ ಇಪ್ಪತ್ತು ಪುಟಗಳನ್ನು ವಿವರಿಸಿದಾಗ ಆಕೆ ಎಲ್ಲಕ್ಕೂ "ಬಹಳ ಚೆನ್ನಾಗಿದೆ" ಎಂದರಂತೆ. "ಮಾವ, ನಿಮ್ಮ 'ಆಗಲಿ' ಇದೇ ಇರಬೇಕು" ಎಂದಳು. ಎರಡನೆಯ ಸಲ ಪುಟಗಳನ್ನು ಮುಚ್ಚಿಟ್ಟು ಪ್ರಶ್ನೆಗಳನ್ನು ಮಾತ್ರ ಕೇಳಿದಳು. ಆಗ ಮಾತು ಬೇರೆಯಾಯಿತು. ಹಿಂದೆ ಬಂದ ತರುಣನೊಬ್ಬನು ಗಣಕಯಂತ್ರದಲ್ಲಿ ಸೊಗಸಾದ ಲೆಕ್ಕದ ವ್ಯವಸ್ಥೆ ಮಾಡಿಕೊಟ್ಟಿದ್ದನು. ಅವನು ಹೊರಟ ಎರಡು ತಿಂಗಳಿಗೆ ಯಂತ್ರ ಕೆಟ್ಟಿತು. ಅಂದಿನಿಂದ ಅದರ ಮೇಲೆ ಬಟ್ಟೆ ಹೊದಿಸಿಟ್ಟಿರುವರು. ಅವರ ಲೆಕ್ಕದ ಪುಸ್ತಕವು ಇಂದಿಗೂ ತಪ್ಪಿಲ್ಲದೆ ನಡೆಯುತ್ತಿದೆ. ತೊಡಕಿರುವುದು ಒಂದೇ ಕಡೆ. ಆ ದೇಶದಲ್ಲಿ ಮೊಬೈಲಿನ ಮೂಲಕ ಹಣ ಕೊಡುವುದು ಬಹಳ ಬಳಕೆಗೆ ಬಂದಿದೆ. ಹೀಗೆ ಬಂದ ಹಣವು ಪುಸ್ತಕಕ್ಕೆ ಏರುವುದಿಲ್ಲ; ತಿಂಗಳ ಕೊನೆಗೆ ಪುಸ್ತಕಕ್ಕೂ ಮೊಬೈಲಿಗೂ ತಾಳೆಯಾಗದೆ, ಹೆಂಗಸರಲ್ಲಿ ಒಬ್ಬರ ಮೇಲೊಬ್ಬರಿಗೆ ಅನುಮಾನ ಹುಟ್ಟುತ್ತಿದೆ. ಸಂಘ ಒಡೆಯಬಹುದೆಂಬ ಭಯ ಆಕೆಗಿದೆ. ದಿನದಿನವೂ ಎರಡನ್ನೂ ತಾಳೆ ನೋಡುವುದನ್ನು ಇಬ್ಬರು ಎಳೆಯ ಹೆಂಗಸರಿಗೆ ಕಲಿಸಿಕೊಟ್ಟರೆ ಸಾಕು, ಯಂತ್ರವೇ ಬೇಡ. ಇಪ್ಪತ್ತು ಪುಟಗಳು ಈಗ ಎರಡಾಗಿವೆ.

ಇನ್ನು ಉಳಿದುವು ಸಣ್ಣ ಸಿದ್ಧತೆಗಳು. ರಹದಾರಿಯ ಅವಧಿಯನ್ನೂ, ವೀಸಾ ಈ ಬಗೆಯ ಕೆಲಸಕ್ಕೆ ಸಲ್ಲುವುದೇ ಎಂಬುದನ್ನೂ ಮೊದಲೇ ವಿಚಾರಿಸಬೇಕು. ಕಂಪನಿಯು ಮಾಡಿಸಿದ ವಿಮೆಯಲ್ಲಿ, ಕಾಯಿಲೆಯಾದರೆ ತಾಯ್ನಾಡಿಗೆ ಕರೆತರುವ ವೆಚ್ಚ ಸೇರಿದೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಅದರ ಒಂದು ಪ್ರತಿ ಮನೆಯಲ್ಲಿರಬೇಕು. ಅಲ್ಲಿಯ ವಿದ್ಯುತ್ತು ನಮ್ಮಷ್ಟೇ ಬಲದ್ದು. ಆದರೆ ಗೋಡೆಯ ರಂಧ್ರಗಳು ಬಹಳ ಕಡೆ ಇಂಗ್ಲೆಂಡಿನ ರೀತಿ ಚೌಕನಾಗಿರುತ್ತವೆ. ಅದಕ್ಕೆ ಹೊಂದುವ ಪ್ಲಗ್ಗನ್ನು ಕೊಂಡೊಯ್ಯಬೇಕು. ಗಡಿಯಾರ ಅಲ್ಲಿ ಐದೂವರೆ ಗಂಟೆ ಹಿಂದೆ. ಅವಳು ರಾತ್ರಿ ಎಂಟಕ್ಕೆ ಊಟ ಮುಗಿಸಿ ಮಾತನಾಡಹೊರಟರೆ ಇಲ್ಲಿ ಒಂದೂವರೆ. ಆದುದರಿಂದ ತಾಯಿ ಮಗಳು ಈಗಲೇ ಒಂದು ಹೊತ್ತನ್ನು ಗೊತ್ತುಮಾಡಿಕೊಂಡಿರುವರು: ಅವಳ ಮಧ್ಯಾಹ್ನದ ವಿರಾಮ, ಇವಳ ಸಂಜೆಯ ದೀಪದ ಸಮಯ. ಅದು ತಪ್ಪಿದ ದಿನ ಗಾಬರಿಪಡದೆ ಮರುದಿನದ ವರೆಗೆ ಕಾಯಬೇಕೆಂದೂ ಒಪ್ಪಂದವಾಗಿದೆ. ಬರುವವರಿಗೆ ಸ್ವಾಗತವೆನ್ನಲು ಅವರು 'ಅಕ್ವಾಬ' ಎನ್ನುತ್ತಾರೆ, ಕೃತಜ್ಞತೆಗೆ 'ಮೆದಾಸೆ'. ನನ್ನ ತಂಗಿಯೂ ಈ ಎರಡನ್ನು ಕಲಿತಿರುವಳು.

ಹೊರಡುವ ದಿನ ಸಮೀಪಿಸಿದೆ. ಮೊನ್ನೆ ನಮಸ್ಕಾರ ಮಾಡಿಹೋಗಲು ಬಂದವಳು ಬಾಗಿಲ ಬಳಿ ನಿಂತು, "ಮಾವ, ಆ ಭೂಪಟವನ್ನು ಮತ್ತೆ ಬರೆಸಿದಿರಾ?" ಎಂದು ಕೇಳಿದಳು. "ಇಲ್ಲ" ಎಂದೆನು. ಅನಂತರ ಹಲವು ವರ್ಷ ಆ ಶಾಲೆಯಲ್ಲಿಯೇ ಇದ್ದೆನು, ಬರೆಸಬಹುದಾಗಿದ್ದಿತು, ಬರೆಸಲಿಲ್ಲ. ಮುಂದಿನ ವಾರ ಆ ಊರಿಗೆ ಹೋಗಿ ಈಗಿನ ಮುಖ್ಯೋಪಾಧ್ಯಾಯರನ್ನು ಕಾಣಬೇಕೆಂದಿರುವೆನು. ಬಣ್ಣವನ್ನೂ ಕುಂಚವನ್ನೂ ಕೊಂಡೊಯ್ಯುವುದಿಲ್ಲ. ಅವರಿಗೂ ಮಕ್ಕಳಿಗೂ ಅದು ಬೇಕೇ ಎಂದು ಮೊದಲು ಕೇಳುವೆನು.